ಜುಮ್ ಎಂದ ನಲ್ಲಿಗೆ ಕಿವಿಗೊಟ್ಟವರು

ವಿದ್ಯುತ್ ಇಲಾಖೆಯ ಚರಿತ್ರೆಯಲ್ಲಿ ಅಣೆಕಟ್ಟು ಕಟ್ಟಿದವರ ಭಾವಚಿತ್ರಗಳಿವೆ, ಊರಿಗೆ ಮೊದಲ ದೀಪ ತಂದವರ ಹೆಸರು ಕಲ್ಲಿನ ಮೇಲಿದೆ. ಆದರೆ ನಡೆಯದೇ ಹೋದ ಅಪಘಾತಕ್ಕೆ ಕಲ್ಲು ನೆಡುವವರು ಯಾರೂ ಇಲ್ಲ. ಬಚ್ಚಲಿಗೆ ಹೋದ ಅತ್ತೆ ಸ್ನಾನ ಮುಗಿಸಿ ಹಾಡು ಗುನುಗುತ್ತ ಹೊರಬಂದರೆ ಅದು ಸುದ್ದಿಯಲ್ಲ. ಅಂಥ ಸುದ್ದಿಯಲ್ಲದ ಬೆಳಗುಗಳನ್ನು ಸಾವಿರಾರು ಮನೆಗಳಿಗೆ ದೊರಕಿಸಿಕೊಟ್ಟು, ಮೂವತ್ತಾರು ವರ್ಷಗಳ ಅವಿಚ್ಛಿನ್ನ ಸೇವೆಯ ತರುವಾಯ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ವಿದ್ಯುತ್ ತಪಾಸಣಾಧಿಕಾರಿಯವರನ್ನು ಕುರಿತು ನಾಲ್ಕು ಮಾತು ಬರೆಯುವ ಅವಕಾಶ ನನಗೆ ಒದಗಿದ್ದು ನನ್ನ ಭಾಗ್ಯ. ಗೃಹವಿದ್ಯುತ್ ಸುರಕ್ಷತೆಯ ಕ್ಷೇತ್ರದಲ್ಲಿ, ಅದರಲ್ಲೂ ನೀರಿನ ಕೊಳವೆ ಮತ್ತು ವಿದ್ಯುತ್ ತಂತಿ ಒಂದನ್ನೊಂದು ಸಂಧಿಸುವ ಅಪಾಯದ ಎಡೆಗಳನ್ನು ಪತ್ತೆಹಚ್ಚುವ ವಿದ್ಯೆಯಲ್ಲಿ, ಅವರಿಗೆ ಸಮಾನರಾದವರನ್ನು ನಾನಂತೂ ಕಂಡಿಲ್ಲ.

ಈ ಅಭಿನಂದನಾ ಸಂಪುಟಕ್ಕೆ ಎಂಜಿನಿಯರುಗಳು ಬರೆದಿದ್ದಾರೆ, ಪ್ರಾಧ್ಯಾಪಕರು ಬರೆದಿದ್ದಾರೆ. ನಾನು ಮೂಲತಃ ಪ್ಲಂಬರ್. ಈಗ ತರಬೇತಿ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದರೂ ಕೈಗೆ ರೂಢಿಯಾದದ್ದು ಪೈಪೇ ಹೊರತು ಲೇಖನಿಯಲ್ಲ. ವಾಕ್ಯಗಳು ಅಲ್ಲಲ್ಲಿ ಉದ್ದವಾಗಿ, ಅಲ್ಲಲ್ಲಿ ಸೋರಿದರೆ ಓದುಗರು ಮನ್ನಿಸಬೇಕು.

ಅವರನ್ನು ಕಚೇರಿಯಲ್ಲಿ ಎಲ್ಲರೂ ಎದುರಿಗೆ ‘ಮೇಡಂ’ ಎನ್ನುತ್ತಿದ್ದರು; ಬೆನ್ನ ಹಿಂದೆ ‘ಜುಮ್ಮಕ್ಕ’ ಎನ್ನುತ್ತಿದ್ದರು. ಆ ಹೆಸರು ಬಂದದ್ದು ಹೇಗೆಂದು ಮುಂದೆ ಹೇಳುತ್ತೇನೆ. ಸೇವೆಗೆ ಸೇರಿದಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ, ತಪಾಸಣಾ ವಿಭಾಗದಲ್ಲಿ ಅವರೊಬ್ಬರೇ ಮಹಿಳೆ. ಮೊದಲ ದಿನ ಮೇಲಧಿಕಾರಿಗಳು ಕನ್ನಡಕದ ಮೇಲಿನಿಂದ ನೋಡಿ, “ಏಣಿ ಹತ್ತೋಕೆ ಆಗುತ್ತೇನಮ್ಮ?” ಎಂದು ಕೇಳಿದರಂತೆ. “ಹತ್ತೋದೇನೂ ಕಷ್ಟ ಇಲ್ಲ ಸಾರ್. ಹತ್ತಿದ ಮೇಲೆ ಕೆಳಗಿರೋರು ಸ್ವಿಚ್ ಹಾಕದ ಹಾಗೆ ನೋಡ್ಕೊಳ್ಳೋದೇ ಕಷ್ಟ” ಎಂದರಂತೆ ಇವರು. ಆ ಮಾತಿನ ಎರಡನೆಯ ಅರ್ಥ ಮೇಲಧಿಕಾರಿಗಳಿಗೆ ಮನೆಗೆ ಹೋದ ಮೇಲೆ ಹೊಳೆಯಿತೆಂದು ಆ ಕಾಲದ ಗುಮಾಸ್ತರೊಬ್ಬರು ನನಗೆ ಹೇಳಿದ್ದಾರೆ.

ವಿಷಯ ತಿಳಿಯದವರಿಗಾಗಿ ಒಂದು ಮಾತು. ತಂತಿಯ ಮೇಲಿನ ಹೊದಿಕೆ ಸವೆದು ಉಪಕರಣದ ಲೋಹದ ಮೈಗೆ ಕರೆಂಟು ತಗುಲಿದರೆ, ಅದನ್ನು ನಮ್ಮ ಮೈಮೇಲೆ ಹಾಯಲು ಬಿಡದೆ ನೇರವಾಗಿ ನೆಲಕ್ಕೆ ಇಳಿಸಿಬಿಡುವ ತಂತಿಯೇ ಅರ್ಥ್ ತಂತಿ. ಅದು ಇಲ್ಲದ ಮನೆಯಲ್ಲಿ ಆ ಕರೆಂಟು ನೆಲಕ್ಕೆ ಇಳಿಯಲು ಒಬ್ಬ ಮನುಷ್ಯನಿಗಾಗಿ ಕಾಯುತ್ತಿರುತ್ತದೆ. ಒಮ್ಮೆ ಮೇಡಂ ಒಬ್ಬ ನಿವೃತ್ತ ಉಪನ್ಯಾಸಕರ ಮನೆ ಪರೀಕ್ಷಿಸಿ, “ನಿಮ್ಮ ಮನೆಗೆ ಅರ್ಥ್ ಇಲ್ಲ ಸಾರ್” ಎಂದುಬಿಟ್ಟರು. ಆ ಹಿರಿಯರು ಕೆಂಡವಾದರು. “ನಲವತ್ತು ವರ್ಷ ಸಂಸಾರ ಮಾಡಿದ ಮನೆಗೆ ಅರ್ಥ ಇಲ್ಲ ಅಂತೀರೇನ್ರೀ?” ಇವರು ಶಾಂತವಾಗಿ, “ಸಂಸಾರಕ್ಕಿದೆ ಸಾರ್, ಸ್ವಿಚ್ ಬೋರ್ಡಿಗಿಲ್ಲ” ಎಂದರು. ಉಪನ್ಯಾಸಕರ ಹೆಂಡತಿ ಅಡುಗೆಮನೆಯಿಂದ, “ಸಂಸಾರಕ್ಕಿದೆ ಅಂತ ಬರೆದು ಸಹಿ ಹಾಕಿಕೊಡಿ ಮೇಡಂ” ಎಂದು ಕೂಗಿ ಹೇಳಿದರಂತೆ.

ನಗುವಿನ ಈ ಪ್ರಸಂಗಗಳ ಕೆಳಗೆ ಒಂದು ನೋವಿದೆ. ಅದನ್ನು ಅವರು ನನಗೆ ಹೇಳಿದ್ದು ಒಂದೇ ಒಂದು ಸಲ. ಸೇವೆಯ ಎರಡನೆಯ ವರ್ಷ ಒಂದು ದೂರಿನ ಪತ್ರ ಬಂದಿತ್ತು. ‘ಬಟ್ಟೆ ಒಗೆಯುವಾಗ ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತದೆ’ ಎಂದಷ್ಟೇ ಬರೆದಿತ್ತು. ಬಂದ ದಿನಾಂಕದ ಕ್ರಮದಲ್ಲಿ ದೂರುಗಳನ್ನು ವಿಚಾರಿಸಬೇಕೆಂಬುದು ಅಂದಿನ ಪದ್ಧತಿ. ಇವರೂ ಪದ್ಧತಿಯಂತೆ ಪತ್ರವನ್ನು ಕಂತೆಯ ಕೆಳಗೆ ಇಟ್ಟರು. ಒಂಬತ್ತನೆಯ ದಿನ ಆ ಪತ್ರ ಬರೆದ ಹೆಣ್ಣುಮಗಳು ಅದೇ ನಲ್ಲಿಯ ಬಳಿ ಪ್ರಾಣ ಬಿಟ್ಟಳು. ಇಲಾಖೆಯ ವಿಚಾರಣೆಯಲ್ಲಿ ಯಾರ ತಪ್ಪೂ ಕಾಣಲಿಲ್ಲ, ಏಕೆಂದರೆ ಎಲ್ಲವೂ ನಿಯಮದಂತೆಯೇ ನಡೆದಿತ್ತು. “ನಿಯಮದ ಪ್ರಕಾರ ನಾನು ಸರಿಯಾಗೇ ಇದ್ದೆ. ಆ ಹೆಣ್ಣುಮಗಳು ಸತ್ತಿದ್ದೂ ನಿಯಮದ ಪ್ರಕಾರಾನೇ” ಎಂದರು ಮೇಡಂ. ಅಂದಿನಿಂದ ‘ಜುಮ್’ ಎಂಬ ಪದವಿದ್ದ ಯಾವ ಪತ್ರವೂ ಅವರ ಮೇಜಿನ ಮೇಲೆ ಒಂದು ಇರುಳು ಕಳೆದದ್ದಿಲ್ಲ. ಪತ್ರ ಬಂದ ದಿನವೇ ಚೀಲ ಹೆಗಲಿಗೇರುತ್ತಿತ್ತು. ಜುಮ್ಮಕ್ಕ ಎಂಬ ಹೆಸರು ಬಂದದ್ದು ಹೀಗೆ. ಇಟ್ಟವರು ಲೇವಡಿಗೆ ಇಟ್ಟರು; ಇಟ್ಟವರ ಮನೆಯ ನಲ್ಲಿಗಳನ್ನೂ ಅವರು ಮುಂದೆ ಪರೀಕ್ಷಿಸಿಕೊಟ್ಟರು.

ಇನ್ನು ನನ್ನ ಕಥೆ. ಇದನ್ನು ಹೇಳದೆ ಅವರನ್ನು ಹೊಗಳುವುದು ಸುಳ್ಳಲ್ಲದಿದ್ದರೂ ವಂಚನೆಯೇ ಆದೀತು.

ಅವರ ಸೇವೆಯ ಹದಿಮೂರನೆಯ ವರ್ಷ ಕಚೇರಿಗೆ ಒಂದು ಅಂಚೆಕಾರ್ಡು ಬಂತು. ನಡುಗುವ ಅಕ್ಷರಗಳಲ್ಲಿ ಒಬ್ಬ ಅಜ್ಜಿ ಬರೆದಿದ್ದರು: ‘ನಮ್ಮ ಬಚ್ಚಲ ನಲ್ಲಿ ಕಚ್ಚುತ್ತದೆ. ಮನೆಯಲ್ಲಿ ಯಾರೂ ನಂಬುವುದಿಲ್ಲ. ನೀವಾದರೂ ಬಂದು ನೋಡಿ.’ ಕಚೇರಿಯಲ್ಲಿ ಕಾರ್ಡು ಕೈಯಿಂದ ಕೈಗೆ ಹೋಯಿತು. “ನಲ್ಲಿಗೆ ಹಲ್ಲು ಬಂದಿದೆಯಂತೆ, ದಂತವೈದ್ಯರಿಗೆ ಕಳಿಸಿ” ಎಂದು ಒಬ್ಬರು ನಕ್ಕರು. ಮೇಡಂ ಕಾರ್ಡು ಓದಿ, ಚೀಲ ಎತ್ತಿಕೊಂಡು ಹೊರಟರು.

ಅದು ಮೂರು ಅಂತಸ್ತಿನ ಹಳೆಯ ಕಟ್ಟಡ. ಅಂತಸ್ತಿಗೊಂದು ಸಂಸಾರ, ಮೆಟ್ಟಿಲ ಕೆಳಗಿನ ಸಂದಿನಲ್ಲಿ ಮೇಜು ಹಾಕಿಕೊಂಡು ಬಟ್ಟೆಗೆ ಇಸ್ತ್ರಿ ಮಾಡುವ ಒಬ್ಬಾತ. ಅಜ್ಜಿಯ ಸಂಸಾರ ಮೇಲಿನ ಅಂತಸ್ತಿನಲ್ಲಿತ್ತು. ಮಗ ಅಂಚೆ ಕಚೇರಿಯಲ್ಲಿ ನೌಕರ, ಸೊಸೆ ಶಾಲೆಯಲ್ಲಿ ಶಿಕ್ಷಕಿ, ಐದು ತಿಂಗಳ ಮೊಮ್ಮಗಳು. ಕೂಸು ಹುಟ್ಟಿದಾಗಿನಿಂದ ಅದಕ್ಕೆ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದವರು ಅಜ್ಜಿಯೇ. ಒಂದು ದಿನ ಇದ್ದಕ್ಕಿದ್ದಂತೆ, ಆ ಬಚ್ಚಲಲ್ಲಿ ಮಗುವಿಗೆ ಸ್ನಾನ ಮಾಡಿಸುವುದಿಲ್ಲ, ಮಾಡಿಸಲು ಬಿಡುವುದೂ ಇಲ್ಲ ಎಂದು ಹಟ ಹಿಡಿದರು. ಸೊಸೆ ನೀರು ಕಾಯಿಸಿ ತಂದರೆ ಬಚ್ಚಲ ಬಾಗಿಲಿಗೆ ಅಡ್ಡ ನಿಂತರು. ಮಾತಿಗೆ ಮಾತು ಬೆಳೆಯಿತು. ಇಬ್ಬರು ಎಲೆಕ್ಟ್ರಿಷಿಯನ್ನರು ಬೇರೆ ಬೇರೆ ಸಂಜೆ ಬಂದು ಮನೆಯ ತಂತಿಗಳನ್ನೆಲ್ಲ ನೋಡಿ, ಏನೂ ದೋಷವಿಲ್ಲವೆಂದು ಹೇಳಿ ಹೋದರು. ಸೊಸೆಗೂ ಮಗನಿಗೂ ನಲ್ಲಿ ಮುಟ್ಟಿದರೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ಅಜ್ಜಿಯ ಬುದ್ಧಿಯೇ ಸಡಿಲವಾಗಿರಬೇಕೆಂದು ತೀರ್ಮಾನಿಸಿ, ಮಗ ಮನೋವೈದ್ಯರ ಬಳಿ ಸಮಯವನ್ನೂ ಗೊತ್ತುಮಾಡಿದ್ದರು.

ಮೇಡಂ ಹೋದದ್ದು ವೈದ್ಯರಲ್ಲಿಗೆ ಹೋಗಬೇಕಿದ್ದ ದಿನದ ಹಿಂದಿನ ಬೆಳಗ್ಗೆ. ಮೊದಲು ಅವರು ಉಪಕರಣ ತೆಗೆಯಲಿಲ್ಲ. ಅಜ್ಜಿಯ ಎದುರು ಮಣೆ ಹಾಕಿಕೊಂಡು ಕುಳಿತರು.

“ಎಲ್ಲಿವರೆಗೂ ಜುಮ್ ಅನ್ನುತ್ತೆ ಅಜ್ಜಿ? ಬೆರಳಿಗಾ, ಕೈಗಾ?”

“ಮೊದಮೊದಲು ಬೆರಳ ತುದಿಗೆ, ತಾಯಿ. ಈಗ ಮೊಣಕೈ ದಾಟಿದೆ. ನಾನು ಬರೆದಿಟ್ಟಿದೀನಿ ನೋಡು.”

ಅಜ್ಜಿ ಗೋಡೆಯ ಕ್ಯಾಲೆಂಡರ್ ತೋರಿಸಿದರು. ನಲ್ಲಿ ಕಚ್ಚಿದ ದಿನಗಳಿಗೆಲ್ಲ ಪೆನ್ಸಿಲಿನಿಂದ ಅಡ್ಡಗೆರೆ ಎಳೆದಿದ್ದರು. ಮಗನಿಗೆ ನಾಚಿಕೆಯಾಯಿತು. “ಮೇಡಂ, ಅರವತ್ತಕ್ಕೆ ಅರಳು ಮರಳು ಅಂತಾರೆ. ಅಮ್ಮಂಗೆ ಎಪ್ಪತ್ನಾಲ್ಕು. ನಿಮ್ಮ ಸಮಯ ಸುಮ್ನೆ ಹಾಳು.”

ಮೇಡಂ ಮೂರು ತಿಂಗಳ ಹಾಳೆಗಳನ್ನು ತಿರುವಿದರು. ಮಂಗಳವಾರಗಳಲ್ಲಿ ಒಂದು ಗೆರೆಯೂ ಇರಲಿಲ್ಲ. “ಅರಳು ಮರಳಾದೋರು ಪ್ರತಿ ಮಂಗಳವಾರ ಮಾತ್ರ ಹುಷಾರಾಗಿರೋದನ್ನ ನಾನು ಎಲ್ಲೂ ಕಂಡಿಲ್ಲಪ್ಪ” ಎಂದು ಎದ್ದರು.

ಬಚ್ಚಲಲ್ಲಿ ಮೀಟರಿನ ಒಂದು ತುದಿಯನ್ನು ನಲ್ಲಿಗೆ, ಇನ್ನೊಂದನ್ನು ಒದ್ದೆ ನೆಲದ ಕಬ್ಬಿಣದ ಜಾಲರಿಗೆ ಹಿಡಿದರು. ಮುಳ್ಳು ಎದ್ದು ಎಂಬತ್ತು ವೋಲ್ಟಿನ ಬಳಿ ನಡುಗತೊಡಗಿತು. ಮನೆಯ ಮೇನ್ ಸ್ವಿಚ್ ಆರಿಸಲು ಮಗನಿಗೆ ಹೇಳಿದರು. ದೀಪ ಆರಿತು, ಫ್ಯಾನು ನಿಂತಿತು. ಮುಳ್ಳು ಮಾತ್ರ ಕದಲಲಿಲ್ಲ.

“ಇಡೀ ಮನೆ ಕರೆಂಟ್ ಆಫ್ ಆಗಿದೆ. ನಲ್ಲಿಲಿ ಮಾತ್ರ ಇದೆ. ಅಂದ್ರೆ ದೋಷ ನಿಮ್ಮ ಮನೇದಲ್ಲ, ಬೇರೆ ಎಲ್ಲಿಂದಲೋ ಪೈಪಿಗೆ ಬರ್ತಿದೆ. ನೀವಿಬ್ಬರೂ ಬಚ್ಚಲಿಗೆ ರಬ್ಬರ್ ಚಪ್ಪಲಿ ಹಾಕ್ಕೊಂಡು ಹೋಗ್ತೀರಿ, ಗೊತ್ತಾಗಿಲ್ಲ. ನಿಮ್ಮಮ್ಮ ಬರಿಗಾಲಲ್ಲಿ ಹೋಗ್ತಾರೆ.” ಸೊಸೆಯ ಕಡೆ ತಿರುಗಿದರು: “ಮಗೂನ ಆ ನೆಲದ ಮೇಲೆ ಕೂರಿಸಿದ್ರೆ ಅದೂ ಬರಿಮೈಯೇ ಅಲ್ವೇನಮ್ಮ?”

ಸೊಸೆ ಅಳುತ್ತ ಹೋಗಿ ಮಗುವನ್ನು ಎತ್ತಿ ಎದೆಗವಚಿಕೊಂಡರಂತೆ. ಅಜ್ಜಿ ಮಾತ್ರ ಅಳಲಿಲ್ಲ. “ಅಂತೂ ನನ್ನ ಮಾತಿಗೊಂದು ಸಾಕ್ಷಿ ಸಿಕ್ತು” ಎಂದು ಮುಳ್ಳನ್ನೇ ನೋಡುತ್ತ ನಿಂತರಂತೆ.

ಆಮೇಲೆ ಹುಡುಕಾಟ. ಮಗನನ್ನು ಮುಳ್ಳು ನೋಡಲು ನಿಲ್ಲಿಸಿ, ಮೇಡಂ ಕೆಳಗಿನ ಎರಡೂ ಮನೆಗಳ ಮೇನ್ ಸ್ವಿಚ್ ಆಫ್ ಮಾಡಿಸಿದರು. ಮುಳ್ಳು ಇಳಿಯಲಿಲ್ಲ. ಮೆಟ್ಟಿಲ ಕೆಳಗೆ ಬಂದರೆ, ಇಸ್ತ್ರಿಯಾತ ಒಂದು ರಾಶಿ ಮುಗಿಸಿ, ಪ್ಲಗ್ ಕಿತ್ತು, ನೀರು ಕುಡಿಯಲು ಹೂಜಿ ಎತ್ತಿದ್ದ. ಅದೇ ಗಳಿಗೆಗೆ ಮೇಲಿನಿಂದ ಕೂಗು: “ಮೇಡಂ! ಬಿತ್ತು! ಮುಳ್ಳು ಬಿದ್ದೋಯ್ತು!”

“ಅಣ್ಣ, ನಿಮಗೆ ವಾರದ ರಜ ಯಾವತ್ತು?” ಎಂದು ಮೇಡಂ ಕೇಳಿದರು.

“ಮಂಗಳವಾರ ಮೇಡಂ. ಯಾಕೆ?”

ಇಸ್ತ್ರಿಪೆಟ್ಟಿಗೆಯ ಹಿಡಿಯೊಳಗೆ ತಂತಿಯ ಹೊದಿಕೆ ಕರಕಲಾಗಿತ್ತು. ಇನ್ನೊಂದು ಎಳೆ ಸವೆದಿದ್ದರೆ ಪೂರ್ತಿ ಕರೆಂಟೇ ಪೆಟ್ಟಿಗೆಯ ಲೋಹದ ಮೈಗೆ ತಗುಲುತ್ತಿತ್ತು. “ಹಂಗಾದ್ರೆ ನಂಗೇನೂ ಆಗಿಲ್ವಲ್ಲ?” ಎಂದು ಆತ ಬೆವರುತ್ತ ಕೇಳಿದ. ಆತ ನಿಲ್ಲುತ್ತಿದ್ದದ್ದು ಒಣ ಮರದ ಹಲಗೆಯ ಮೇಲೆ, ಕಾಲಲ್ಲಿ ರಬ್ಬರ್ ಚಪ್ಪಲಿ. ಮೇಲಿನ ಮನೆಯ ನಲ್ಲಿ ಕಚ್ಚುವುದು ಮೆಟ್ಟಿಲ ಕೆಳಗೆ ನಿಂತವನಿಗೆ ಗೊತ್ತಾಗುವುದಾದರೂ ಹೇಗೆ?

ಆದರೆ ಮೇಡಂ ಅಲ್ಲಿಗೆ ನಿಲ್ಲಲಿಲ್ಲ. ಇಸ್ತ್ರಿಪೆಟ್ಟಿಗೆಗೆ ಅರ್ಥ್ ತಂತಿ ಇತ್ತು. ಇದ್ದೂ ಕರೆಂಟು ನೆಲಕ್ಕೆ ಇಳಿಯದೆ ಪೈಪನ್ನು ಹಿಡಿದು ಮೇಲೇರಿದ್ದೇಕೆ? ತಂತಿಯ ಜಾಡು ಹಿಡಿದು ಮೆಟ್ಟಿಲ ಬುಡದ ಗುಂಡಿಯ ಮುಚ್ಚಳ ತೆಗೆಸಿದರು. ಹಳೆಯ ಕಟ್ಟಡಗಳಲ್ಲಿ ನೆಲದಿಂದ ಬರುವ ಕಬ್ಬಿಣದ ನೀರಿನ ಪೈಪಿಗೇ ಅರ್ಥ್ ತಂತಿ ಬಿಗಿಯುವ ರೂಢಿಯಿತ್ತು. ಇಲ್ಲಿಯೂ ತಾಮ್ರದ ತಂತಿ ಕಬ್ಬಿಣದ ಪೈಪಿಗೆ ಬಿಗಿದೇ ಇತ್ತು. ಆದರೆ ಅದರ ಒಂದು ಮೊಳ ಕೆಳಗೆ ಕಬ್ಬಿಣ ಮುಗಿದು, ಬೆಳ್ಳಗೆ ಹೊಳೆಯುವ ಹೊಸ ಪ್ಲಾಸ್ಟಿಕ್ ಪೈಪು ಶುರುವಾಗಿತ್ತು. ಕಬ್ಬಿಣ ಕರೆಂಟನ್ನು ಮಣ್ಣಿಗೆ ಮುಟ್ಟಿಸುತ್ತದೆ, ಪ್ಲಾಸ್ಟಿಕ್ ಮುಟ್ಟಿಸುವುದಿಲ್ಲ. ಇಳಿಯಲು ದಾರಿ ಕಾಣದ ಕರೆಂಟು ಕಟ್ಟಡದ ಎಲ್ಲ ನಲ್ಲಿಗಳಲ್ಲೂ ಕಾದು ಕುಳಿತಿತ್ತು; ಬರಿಗಾಲಲ್ಲಿ ಮುಟ್ಟುತ್ತಿದ್ದವರು ಅಜ್ಜಿ ಮಾತ್ರ.

ಆ ಪ್ಲಾಸ್ಟಿಕ್ ಪೈಪು ಹಾಕಿದವನು ನಾನು.

ಅಂದು ನನಗೆ ಇಪ್ಪತ್ತಾರು ವರ್ಷ. ತುಕ್ಕು ಹಿಡಿದು ಸೋರುತ್ತಿದ್ದ ಪೈಪನ್ನು ನಾಲ್ಕು ತಿಂಗಳ ಹಿಂದೆ ಕತ್ತರಿಸಿ, ಒಂದು ಹನಿ ಜಿನುಗದಂತೆ ಹೊಸದು ಕೂರಿಸಿ ಶಹಬ್ಬಾಸ್ ಎನ್ನಿಸಿಕೊಂಡಿದ್ದೆ. ಹೇಳಿ ಕಳಿಸಿದರೆಂದು ಬಂದಾಗ ಗುಂಡಿಯ ಸುತ್ತ ಜನ ನೆರೆದಿದ್ದರು. ಮೇಡಂ ತಂತಿ ತೋರಿಸಿ, “ನೀವು ಕೆಲಸ ಮಾಡುವಾಗ ಇದು ಇತ್ತಾ?” ಎಂದು ಕೇಳಿದರು. ಕೇಳಿದ ಧ್ವನಿಯಲ್ಲಿ ಗದರಿಕೆ ಇರಲಿಲ್ಲ. ಆದರೂ ನನ್ನ ನಾಲಗೆ ತಾನಾಗಿಯೇ ಹೊರಳಿತು: “ಇರಲಿಲ್ಲ ಮೇಡಂ.” ಅವರು ಒಮ್ಮೆ ತಂತಿಯ ಬಿಗಿತವನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, “ಸರಿ” ಎಂದು ಬರೆದುಕೊಂಡರು. ಅಷ್ಟರಲ್ಲಿ ಒಬ್ಬ ಹೆಂಗಸು ಮಗು ಎತ್ತಿಕೊಂಡು ಇಳಿದು ಬಂದು ಗುಂಡಿಯೊಳಗೆ ಇಣುಕಿದರು. ಅವರು ಯಾರು, ಮಗು ಯಾರದು, ಏನಾಗಬಹುದಿತ್ತು ಎಂಬುದನ್ನೆಲ್ಲ ಪಕ್ಕದಲ್ಲಿದ್ದವರು ನನಗೆ ಹೇಳಿದರು.

ಮಧ್ಯಾಹ್ನ ಕೈಗೆ ಕೆಲಸ ಹತ್ತಲಿಲ್ಲ. ಕಚೇರಿ ಮುಚ್ಚುವ ಮುನ್ನ ಅವರ ಮೇಜಿನ ಮುಂದೆ ನಿಂತಿದ್ದೆ.

“ತಂತಿ ಇತ್ತು ಮೇಡಂ. ನಾನೇ ಬಿಚ್ಚಿ, ಮೇಲಿನ ತುಂಡಿಗೆ ಮತ್ತೆ ಬಿಗಿದೆ. ಪೈಪ್ ಅಲ್ಲಾಡದೇ ಇರಲಿ ಅಂತ ಯಾರೋ ಕಟ್ಟಿದಾರೆ ಅಂದ್ಕೊಂಡೆ. ಬೆಳಗ್ಗೆ ಸುಳ್ಳು ಹೇಳಿದೆ.”

ಅವರು ಕಡತ ಮುಚ್ಚಿದರು. “ಕೂತ್ಕೊಳ್ಳಿ. ಊಟ ಮಾಡಿದೀರಾ?” ಎಂದರು. ನಾನು ಮಾಡಿರಲಿಲ್ಲ. ತಮ್ಮ ಡಬ್ಬಿಯಲ್ಲಿ ಉಳಿದಿದ್ದದ್ದನ್ನು ನನ್ನ ಮುಂದೆ ಸರಿಸಿ, ಒಂದು ಹಾಳೆ ತೆಗೆದುಕೊಂಡು ಮನೆ, ತಂತಿ, ಪೈಪು, ನೆಲ ಎಲ್ಲವನ್ನೂ ಬರೆದು ತೋರಿಸಿದರು. ಆವರೆಗೆ ಯಾರೂ ನನಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ಈ ತರಹ ಇನ್ನೆಷ್ಟು ಮನೇಲಿ ಪೈಪ್ ಬದಲಾಯಿಸಿದೀರಿ?”

ಮೂವತ್ತೊಂದು ಮನೆ. ನೆನಪು ಮಾಡಿಕೊಂಡು ಪಟ್ಟಿ ಬರೆದುಕೊಟ್ಟೆ. ಮುಂದಿನ ಆರು ಭಾನುವಾರ ತಮ್ಮ ರಜೆ ಬಿಟ್ಟು ಮೇಡಂ ನನ್ನೊಡನೆ ಆ ಮನೆಗಳ ಬಾಗಿಲು ಬಡಿದರು. ನಾನು ಪ್ರತಿ ಮನೆಯಲ್ಲೂ, “ನಾನು ಮಾಡಿದ ಕೆಲಸದಲ್ಲಿ ಒಂದು ತಪ್ಪಿರಬಹುದು, ನೋಡಬೇಕು” ಎಂದು ಹೇಳಬೇಕಿತ್ತು. ಮೊದಲ ಮನೆಯಲ್ಲಿ ನೆಲ ನೋಡುತ್ತ ಹೇಳಿದೆ. ಹತ್ತನೆಯ ಮನೆಯ ಹೊತ್ತಿಗೆ ತಲೆಯೆತ್ತಿ ಹೇಳಬಲ್ಲವನಾದೆ. ಏಳು ಮನೆಗಳಲ್ಲಿ ಅರ್ಥ್ ತಂತಿ ನೆಲದ ಸಂಪರ್ಕ ಕಳೆದುಕೊಂಡಿತ್ತು. ಅವುಗಳಲ್ಲಿ ಎರಡರಲ್ಲಿ ನಲ್ಲಿ ಆಗಲೇ ಜುಮ್ ಎನ್ನತೊಡಗಿತ್ತು. ಏಳರಲ್ಲೂ ಹೊಸದಾಗಿ ಅರ್ಥ್ ಗುಂಡಿ ತೋಡಿಸಿ, ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಸ್ವಿಚ್ಚು ಹಾಕಿಸುವವರೆಗೆ ಅವರು ಬಿಡಲಿಲ್ಲ.

ಇತ್ತ ಮೇಲಧಿಕಾರಿಗಳು ನನ್ನ ಪರವಾನಗಿ ರದ್ದುಮಾಡಿ ಕಡತ ಮುಗಿಸಬೇಕೆಂದಿದ್ದರು. ಮೇಡಂ ಕೊಟ್ಟ ವರದಿ ಬೇರೆಯೇ ಆಗಿತ್ತು. ಪ್ಲಂಬರಿಗೆ ತಂತಿಯ ಪಾಠವಿಲ್ಲ, ಎಲೆಕ್ಟ್ರಿಷಿಯನ್ನನಿಗೆ ಪೈಪಿನ ಪಾಠವಿಲ್ಲ, ಇಬ್ಬರನ್ನೂ ಒಂದೆಡೆ ಕೂರಿಸಿ ಹೇಳಿಕೊಡಬೇಕಾದ ಇಲಾಖೆ ಸುಮ್ಮನಿದೆ ಎಂದು ಅವರು ಬರೆದಿದ್ದರು.

“ಯಾರದ್ದಾದ್ರೂ ತಪ್ಪು ಅಂತ ಬರೀಲೇಬೇಕಲ್ಲಮ್ಮ” ಎಂದರಂತೆ ಮೇಲಧಿಕಾರಿಗಳು.

“ಬರೆದಿದೀನಿ ಸಾರ್. ನಮ್ಮದು ಅಂತ ಬರೆದಿದೀನಿ.”

ಆ ವರ್ಷ ಬರಬೇಕಿದ್ದ ಅವರ ಬಡ್ತಿ ಮೂರು ವರ್ಷ ತಡವಾಗಿ ಬಂತು. ಅದಕ್ಕೂ ಈ ವರದಿಗೂ ನಂಟಿತ್ತೆಂದು ಅವರು ಎಂದೂ ಬಾಯಿ ಬಿಟ್ಟು ಹೇಳಲಿಲ್ಲ. ನಾನೂ ಕೇಳುವ ಧೈರ್ಯ ಮಾಡಲಿಲ್ಲ. ವರದಿ ಮಾತ್ರ ಮೆಲ್ಲಗೆ ಮೇಲೇರಿ, ಐದು ವರ್ಷಗಳ ನಂತರ ಪ್ಲಂಬರುಗಳಿಗೂ ಎಲೆಕ್ಟ್ರಿಷಿಯನ್ನರಿಗೂ ಒಟ್ಟಾಗಿ ಪಾಠ ಹೇಳುವ ತರಗತಿಯಾಗಿ ನೆಲಕ್ಕಿಳಿಯಿತು. ಮೊದಲ ತಂಡದಲ್ಲಿ ನಾನು ವಿದ್ಯಾರ್ಥಿ. ನಾಲ್ಕನೆಯ ತಂಡಕ್ಕೆ ಅವರ ಒತ್ತಾಯದಿಂದ ಉಪಾಧ್ಯಾಯ.

ಅಜ್ಜಿಯ ಮನೆಯ ಕೆಲಸ ಮುಗಿದ ದಿನ ನಾನೂ ಅಲ್ಲಿದ್ದೆ. ಸೊಸೆ ಮಗುವನ್ನು ಎತ್ತಿ ಅಜ್ಜಿಯ ಮಡಿಲಲ್ಲಿಟ್ಟು, “ಅತ್ತೆ, ಇನ್ಮೇಲೆ ನೀವು ಹೇಳಿದ್ದೇ ಕೊನೆ ಮಾತು” ಎಂದರು. ಅಜ್ಜಿ, “ಹಂಗೆಲ್ಲ ಒಪ್ಪಿಕೊಳ್ಬೇಡ ಕಣೇ, ನಾಳೆ ನಾನು ಏನೇನೋ ಹೇಳಿಯೇನು” ಎಂದು ನಕ್ಕು ಬಚ್ಚಲಿಗೆ ನಡೆದರು. ಒಳಗಿನಿಂದ ಮಗುವಿನ ಕೇಕೆ, ನೀರಿನ ಸದ್ದು ಕೇಳಿಸುತ್ತಿತ್ತು. ಮಗ ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು. ಮೇಡಂ ಉಪಕರಣಗಳನ್ನು ಚೀಲಕ್ಕೆ ತುಂಬುವುದರಲ್ಲಿ ಮಗ್ನರಾದಂತೆ ನಟಿಸಿದರು.

ಅವರ ಇತರ ಉಪಕಾರಗಳನ್ನು ಬರೆಯಹೋದರೆ ಈ ಸಂಪುಟ ಸಾಲದು. ನನ್ನ ತಂಗಿಯ ಹೆರಿಗೆಯ ಹೊತ್ತಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಮ್ಮೊಡನೆ ಅರ್ಧ ದಿನ ಕುಳಿತದ್ದು, ಕುಳಿತಲ್ಲಿಯೇ ಅಲ್ಲಿನ ನೀರು ಕಾಯಿಸುವ ಯಂತ್ರದ ಪ್ಲಗ್ ನೋಡಿ ತಡೆಯಲಾರದೆ ಎದ್ದು ಹೋದದ್ದು, ಕೆಲಸಕ್ಕೆ ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ತಮ್ಮ ಟಿಪ್ಪಣಿ ಪುಸ್ತಕಗಳನ್ನು ಕೊಟ್ಟು ಮರಳಿ ಕೇಳದೇ ಇದ್ದದ್ದು, ಕೂಲಿಯವರನ್ನೂ ‘ನೀವು’ ಎಂದೇ ಮಾತನಾಡಿಸಿದ್ದು, ಇವೆಲ್ಲ ನನ್ನಂಥ ಹಲವರ ನೆನಪಿನಲ್ಲಿವೆ. ಸಿಡುಕೂ ಇತ್ತು, ಮೀಟರಿನ ತುದಿಯನ್ನು ಪರೀಕ್ಷಿಸದೆ ಅಳತೆ ತೆಗೆದವರು ಆ ಸಿಡುಕಿನ ರುಚಿ ಬಲ್ಲರು.

ಕಳೆದ ತಿಂಗಳಿನ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ನಮ್ಮ ತರಗತಿಯಲ್ಲಿ ಕಲಿತು ಹೋದ, ಎರಡು ಮಕ್ಕಳ ತಾಯಿಯಾದ ಮೇಲೆ ಈ ಕಸುಬಿಗೆ ಬಂದ ಪ್ಲಂಬರ್ ಒಬ್ಬರು ಒಂದು ಹಳೆಯ ಮನೆಯಲ್ಲಿ ಪೈಪು ಕತ್ತರಿಸಲು ಗರಗಸ ಇಟ್ಟವರು, ಪೈಪಿಗೆ ಸುತ್ತಿದ ತಂತಿ ಕಂಡು ಕೈ ನಿಲ್ಲಿಸಿದರು. ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟುವುದಿಲ್ಲವೆಂದರು. ಮನೆಯ ಯಜಮಾನರು ಕೂಗಾಡಿದರು, ಬೇರೆಯವರನ್ನು ಕರೆಸುತ್ತೇನೆಂದು ಹೆದರಿಸಿದರು. ಆಕೆ ಗುಂಡಿಯ ಅಂಚಿನಿಂದ ಏಳಲಿಲ್ಲ. ಕುಳಿತಲ್ಲಿಂದಲೇ ನನಗೆ ಫೋನು ಮಾಡಿದರು. ನಾನೂ ಮೇಡಂ ಅವರೂ ಹೋದೆವು. ಪರೀಕ್ಷಿಸಿದಾಗ ಆ ಮನೆಯ ನೀರು ಕಾಯಿಸುವ ಯಂತ್ರದಲ್ಲಿ ಆಗಲೇ ಸೋರಿಕೆಯಿತ್ತು. ಪೈಪು ತುಂಡಾಗಿದ್ದರೆ ಆ ಸಂಜೆಯ ಸ್ನಾನವೇ ಯಾರಿಗೋ ಕಡೆಯದಾಗುತ್ತಿತ್ತು. ಮೀಟರಿನ ಮುಳ್ಳು ನೋಡಿದ ಯಜಮಾನರು ಆಕೆಗೆ ಕೂರಲು ಕುರ್ಚಿ ತಂದರು.

ಮೇಡಂ ಆಕೆಯ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಕುಳಿತು ಕೇಳಿದರು: “ಅಷ್ಟೆಲ್ಲ ಬೈಸ್ಕೊಂಡೂ ಯಾಕೆ ಬಿಡಲಿಲ್ಲಮ್ಮ?”

“ಬೈಗುಳ ಮೈಗೆ ಹತ್ತಲ್ಲ ಮೇಡಂ, ಕರೆಂಟ್ ಹತ್ತುತ್ತೆ” ಎಂದರು ಆಕೆ.

ಮರಳಿ ಕಚೇರಿಯ ಗೇಟಿನ ಬಳಿ ಇಳಿಯುವಾಗ ಮೇಡಂ, “ಇನ್ನು ನಾನು ನೆಮ್ಮದಿಯಾಗಿ ಹೋಗಬಹುದು ಬಿಡಿ” ಎಂದರು. ಅವರ ಮಾತಿಗೆ ನಾನು ಎದುರಾಡಿದ್ದು ಅಂದೇ ಮೊದಲು. “ಹೋಗೋದು ಎಲ್ಲಿಗೆ ಮೇಡಂ? ಹೊಸ ತಂಡಕ್ಕೆ ನಲವತ್ತು ಜನ ಸೇರಿದಾರೆ. ಅದರಲ್ಲಿ ಹತ್ತೊಂಬತ್ತು ಜನ ಹೆಣ್ಣುಮಕ್ಕಳು.” ಅವರು ಹುಬ್ಬೇರಿಸಿ, “ಹತ್ತೊಂಬತ್ತಾ?” ಎಂದು ಎರಡು ಸಲ ಕೇಳಿದರು. ವಾರಕ್ಕೆ ಎರಡು ದಿನ ಬರಲು ಒಪ್ಪಿದ್ದಾರೆ.

ಮನೆಯ ನೀರು ಮತ್ತು ವಿದ್ಯುತ್ತಿನ ಸುರಕ್ಷತೆಯ ಬಗ್ಗೆ ಕೆಲಸಗಾರರಿಗೆ ತಿಳಿಯುವ ಕನ್ನಡದಲ್ಲಿ ಅವರು ಬರೆಯುತ್ತಿರುವ ಪುಸ್ತಕ ಅರ್ಧಕ್ಕೆ ಬಂದಿದೆ. ಉಳಿದರ್ಧ ಬೇಗ ಮುಗಿಯಲಿ, ಮುಗಿದ ಮೇಲೆ ಅದನ್ನು ತಿದ್ದಿ ತಿದ್ದಿ ಹತ್ತಾರು ಮುದ್ರಣ ಕಾಣಿಸುವಷ್ಟು ಆಯುಸ್ಸೂ ಆರೋಗ್ಯವೂ ಅವರಿಗೆ ಒದಗಲಿ. ಅವರ ಕಣ್ಣು ಚುರುಕಾಗಿರಲಿ, ಮೊಣಕಾಲು ಮೆಟ್ಟಿಲಿಗೆ ಮುನಿಯದಿರಲಿ, ಸಿಡುಕೂ ಹಾಗೆಯೇ ಇರಲಿ. ತರಗತಿ ಬರುವ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ. ನಲವತ್ತೂ ಜನ ಬಂದಿರುತ್ತಾರೆ ಮೇಡಂ; ಹಿಂದಿನ ಬೆಂಚಿನಲ್ಲಿ ನಲವತ್ತೊಂದನೆಯವನಾಗಿ ನಾನೂ ಇರುತ್ತೇನೆ.